ಸಿ.ಬಿ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಮೇಲೆ: ಅಂಬಾಸಡರ್ ಟ್ಯೂನಿಂಗ್, ನಮ್ಮ ಏರಿಗೆ ತಕ್ಕ ಹಾಗೆ

ಸಿ.ಬಿ. ಪಾಯಿಂಟು (ಕಿಡಿಗಾಗಿ ಕಾಯಿಲಿನ ಕರೆಂಟ್ ಕಡಿಯುವ ಸ್ವಿಚ್ಚು), ಕಂಡೆನ್ಸರ್ ಬಿಚ್ಚಿ ಎಲೆಕ್ಟ್ರಾನಿಕ್ ಕಿಟ್ ಕೂರಿಸುವುದು ಅರ್ಧ ಗಂಟೆ ಕೆಲಸ. ಎರಡು ವೈರು, ಎರಡು ಸ್ಕ್ರೂ, ಕ್ಯಾಮ್ ಮೇಲೆ ಒಂದು ಮ್ಯಾಗ್ನೆಟ್ ಬಳೆ, ಮುಗೀತು. ಅದಾದ ಮೇಲೆ ಎಂಜಿನ್ನನ್ನು ಹದಕ್ಕೆ ತರಲು ಇಡೀ ದಿನ ಬೇಕು. ಹೆಚ್ಚಿನವರು ಮೊದಲನೆಯದನ್ನು ಮಾಡಿಸಿ, ಗಾಡಿ ಸ್ಟಾರ್ಟ್ ಆಯ್ತಲ್ಲ ಅಂತ ಎರಡನೆಯದನ್ನು ಬಿಟ್ಟು ಹೊರಟುಬಿಡುತ್ತಾರೆ. ಆಮೇಲೆ ಬರುವ ದೂರು ಯಾವಾಗಲೂ ಒಂದೇ ಥರ. ಆಲ್ದೂರು ಕಡೆಯ ಗೌಡರೊಬ್ಬರು ತಮ್ಮ ಮಾರ್ಕ್ 3 ಅಂಬಾಸಡರನ್ನು ಅಂಗಡಿ ಮುಂದೆ ತಂದು ನಿಲ್ಲಿಸಿ ಹೇಳಿದ್ದು: "ಏನ್ ಮಾರಾಯಾ, ಹೊಸಾದು ಹಾಕ್ಸಿದ್ಮೇಲೂ ಏರಲ್ಲಿ ಕಟಕಟ ಅಂತದೆ. ಪಾಯಿಂಟೇ ವಾಸಿ ಇತ್ತಲ್ಲೋ."

"ಕಿಟ್ಟಿನ ತಪ್ಪಲ್ಲ ಗೌಡ್ರೆ, ಹಾಕಿದ್ಮೇಲೆ ಟೈಮಿಂಗು ಯಾರೂ ನೋಡಿಲ್ಲ" ಅಂದೆ.

ನಾನು ಚಿಕ್ಕಮಗಳೂರಿನಲ್ಲಿ ಆಟೋ ಎಲೆಕ್ಟ್ರಿಷಿಯನ್, ಕೆ.ಎಂ. ರಸ್ತೆ ಕಡೆ ಅಂಗಡಿ. ತೋಟದ ಮನೆಗಳ ಶೆಡ್ಡುಗಳಲ್ಲಿ ಇವತ್ತಿಗೂ ಅಂಬಾಸಡರ್, ಪದ್ಮಿನಿ, ಪೆಟ್ರೋಲ್ ಜೀಪುಗಳಿವೆ. ಮಳೆ ನಿಂತು ಕಾಫಿ ಕೊಯ್ಲು ಶುರುವಾಗುವ ಮುಂಚೆ ಅವೆಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ಗೌಡರ ಗಾಡಿಗೆ ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳೆಲ್ಲ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನವು, ಅಂದರೆ ಮೋರಿಸ್ ಆಕ್ಸ್‌ಫರ್ಡ್ ಕಾಲದಿಂದ ಬಂದ ಬಿ.ಎಂ.ಸಿ. ಬಿ-ಸೀರೀಸ್. ಪದ್ಮಿನಿಯ 1089 ಸಿ.ಸಿ. ಎಂಜಿನ್ನಿಗೂ ಕೆಲಸದ ಕ್ರಮ ಇದೇ, ಅಂಕಿಗಳನ್ನು ಮಾತ್ರ ಅದರ ಮ್ಯಾನ್ಯುಯಲ್ ನೋಡಿ ಇಟ್ಟುಕೊಳ್ಳಿ.

ಹಳೇ ಗುರುತು ಯಾಕೆ ನಂಬಬಾರದು

ಪಾಯಿಂಟ್ ಇದ್ದಾಗ ಕ್ಯಾಮ್ ತಿರುಗಿ ಪಾಯಿಂಟಿನ ಫೈಬರ್ ಹಿಮ್ಮಡಿಯನ್ನು ತಳ್ಳುತ್ತೆ, ಪಾಯಿಂಟ್ ಬಿಚ್ಚಿಕೊಳ್ಳುತ್ತೆ, ಕಾಯಿಲಿನ ಕರೆಂಟ್ ಕಡಿದುಹೋಗಿ ಅದೇ ಕ್ಷಣ ಪ್ಲಗ್ಗಿನಲ್ಲಿ ಕಿಡಿ ಹಾರುತ್ತೆ. ಗ್ಯಾಪ್ ಜಾಸ್ತಿ ಇದ್ದರೆ ಪಾಯಿಂಟ್ ಬೇಗ ಬಿಚ್ಚುತ್ತೆ, ಟೈಮಿಂಗ್ (ಕಿಡಿ ಹಾರುವ ಹೊತ್ತು) ಅಡ್ವಾನ್ಸ್. ಹಿಮ್ಮಡಿ ಸವೆದು ಗ್ಯಾಪ್ ಕಮ್ಮಿಯಾದರೆ ತಡವಾಗಿ ಬಿಚ್ಚುತ್ತೆ, ಟೈಮಿಂಗ್ ರಿಟಾರ್ಡ್. ಅಂದರೆ ನಿಮ್ಮ ಗಾಡಿಯ ಹಳೇ ಟೈಮಿಂಗ್ ಎಂಬುದು ಡಿಸ್ಟ್ರಿಬ್ಯೂಟರ್ (ಪಾಯಿಂಟ್ ಒಳಗಿರುವ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿ) ನಿಂತ ಕೋನ ಮತ್ತು ಆವತ್ತಿನ ಪಾಯಿಂಟ್ ಗ್ಯಾಪ್ ಎರಡೂ ಸೇರಿ ಆದದ್ದು. ಗ್ಯಾಪ್ ಅನ್ನೋದೇ ಈಗ ಇಲ್ಲ. ಪಾಯಿಂಟಿನ ಜಾಗಕ್ಕೆ ಬಂದ ಕಿಟ್ಟಿನ ಮಾಡ್ಯೂಲಿಗೆ ಕಿಡಿ ಬಿಡುವ ಜಾಗ ಬೇರೆಯೇ ಇದೆ. ಡಿಸ್ಟ್ರಿಬ್ಯೂಟರ್ ಅಲುಗಾಡಿಸದೆ ಕಿಟ್ ಕೂರಿಸಿದರೂ ಟೈಮಿಂಗ್ ಹಲವು ಡಿಗ್ರಿ ಆಚೀಚೆ ಹೋಗಿರುತ್ತೆ. ಗೌಡರ ಗಾಡಿಯಲ್ಲಿ ಅದು ಅಡ್ವಾನ್ಸ್ ಕಡೆಗೆ ಹೋಗಿತ್ತು, ಅದಕ್ಕೇ ಕಟಕಟ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಿಟ್ಟಿನಿಂದ ಪವರ್ ಹುಟ್ಟಲ್ಲ. ಪಾಯಿಂಟ್ ಚೆನ್ನಾಗಿ ಇಟ್ಟುಕೊಂಡಿದ್ದವರಿಗೆ ಮೈಲೇಜಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲ್ಲ. ಇವತ್ತು ಇಟ್ಟ ಟೈಮಿಂಗ್ ಮುಂದಿನ ವರ್ಷವೂ ಅಲ್ಲೇ ಇರುತ್ತೆ, ಮಳೆಗಾಲದ ಬೆಳಿಗ್ಗೆ ಪಾಯಿಂಟಿಗೆ ಎಮರಿ ಪೇಪರ್ ಉಜ್ಜುತ್ತಾ ನಿಲ್ಲುವುದು ತಪ್ಪುತ್ತೆ. ಸಿಗುವ ಲಾಭ ಅಷ್ಟೇ, ಆದರೆ ಅದೇನು ಸಣ್ಣದಲ್ಲ. ಇಟ್ಟದ್ದು ಅಲ್ಲೇ ನಿಲ್ಲುವುದರಿಂದ, ಇಡುವಾಗ ಸರಿಯಾಗಿ ಇಡಬೇಕು. ತಪ್ಪಾಗಿ ಇಟ್ಟರೆ ಆ ತಪ್ಪೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತೆ.

ಮೊದಲು ಕರೆಂಟು

ಬಾನೆಟ್ ಎತ್ತಿದ ಕೂಡಲೇ ಡಿಸ್ಟ್ರಿಬ್ಯೂಟರಿಗೆ ಕೈ ಹಾಕಬೇಡಿ. ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಅರ್ಥ್ ಆಗಿದೆ ನೋಡಿ. ಡೈನಮೋ ಇರುವ ತೀರಾ ಹಳೆಯ ಅಂಬಾಸಡರುಗಳಲ್ಲಿ ಪಾಸಿಟಿವ್ ಅರ್ಥಿಂಗ್ ಇರಬಹುದು. ನೆಗೆಟಿವ್ ಅರ್ಥಿಂಗಿನ ಕಿಟ್ಟನ್ನು ಅಂಥ ಗಾಡಿಗೆ ಹಾಕಿ ಕೀ ತಿರುಗಿಸಿದರೆ ಮಾಡ್ಯೂಲಿಗೆ ಅದೇ ಕೊನೆ.

ಆಮೇಲೆ ಮಲ್ಟಿಮೀಟರ್ ಬ್ಯಾಟರಿಗೆ ಹಿಡಿದು ಸೆಲ್ಫ್ ಹೊಡೆಯಿರಿ. ಕ್ರ್ಯಾಂಕ್ ಆಗುವಾಗ ವೋಲ್ಟೇಜ್ 10ರ ಆಸುಪಾಸಿನಲ್ಲಿ ನಿಂತರೆ ಸರಿ. ಅದಕ್ಕಿಂತ ಬಹಳ ಕೆಳಗೆ ಹೋದರೆ ಬ್ಯಾಟರಿ, ಸೆಲ್ಫ್ ಮೋಟರು ಅಥವಾ ಅರ್ಥಿಂಗ್ ಪಟ್ಟಿ, ಮೂರರಲ್ಲೊಂದು ಸೋತಿದೆ. ಪಾಯಿಂಟ್ ಆದರೆ ಸೊರಗಿದ ಬ್ಯಾಟರಿಯಲ್ಲೂ ಹೇಗೋ ಕಿಡಿ ಕೊಟ್ಟು ಮಾನ ಉಳಿಸುತ್ತೆ. ಮಾಡ್ಯೂಲಿಗೆ ಇಂತಿಷ್ಟು ವೋಲ್ಟು ಬೇಕೇ ಬೇಕು. "ಬೆಳಿಗ್ಗೆ ಸೆಲ್ಫ್ ಹೊಡೀತದೆ, ಸ್ಟಾರ್ಟ್ ಆಗಲ್ಲ, ತಳ್ಳಿದ್ರೆ ತಕ್ಷಣ ಆಗ್ತದೆ" ಅನ್ನುವ ಗಾಡಿಗಳ ರೋಗ ಬಹಳ ಸಲ ಇದೇ.

ಕಾಯಿಲಿನ ಎರಡೂ ಸಣ್ಣ ವೈರು ಬಿಚ್ಚಿ ಪ್ಲಸ್ಸಿಂದ ಮೈನಸ್ಸಿಗೆ ಓಮ್ ಅಳೆಯಿರಿ. ನಾಲ್ಕು ಸಿಲಿಂಡರ್ ಗಾಡಿಗೆ 3 ಓಮ್ ಸುತ್ತಮುತ್ತ ಬರಬೇಕು. 12 ವೋಲ್ಟನ್ನು 3 ಓಮಿನಿಂದ ಭಾಗಿಸಿದರೆ 4 ಆಂಪಿಯರ್, ಸಾಧಾರಣ ಕಿಟ್‌ಗಳು ಇದನ್ನು ತಡೆದುಕೊಳ್ಳುತ್ತವೆ. 1.5 ಓಮಿನ ಕಾಯಿಲ್ ಆದರೆ 8 ಆಂಪಿಯರ್. ಅಂಥ ಕಾಯಿಲನ್ನು ಕರೆಂಟ್ ತಗ್ಗಿಸುವ ಬಲ್ಲಾಸ್ಟ್ ರೆಸಿಸ್ಟರ್ ಜೊತೆಗೇ ಬಳಸಬೇಕು. ಬಲ್ಲಾಸ್ಟ್ ಇರುವ ಗಾಡಿಯಲ್ಲಿ ಮಾಡ್ಯೂಲಿನ ಕೆಂಪು ವೈರನ್ನು ಬಲ್ಲಾಸ್ಟಿನ ಹಿಂದೆ, ಅಂದರೆ ಕೀಯಿಂದ ಪೂರ್ತಿ 12 ವೋಲ್ಟ್ ಬರುವ ಕಡೆ ಕೊಡಿ. ಕಾಯಿಲ್ ಪ್ಲಸ್ಸಿಗೇ ಕೊಟ್ಟರೆ ಅದಕ್ಕೆ ಅರೆಹೊಟ್ಟೆ.

ಎಂಜಿನ್ ಓಡದೆ ಕೀ ಆನ್ ಇಟ್ಟು ಹಾಡು ಕೇಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕೆಲವು ಕಿಟ್ ತಾನೇ ಕರೆಂಟ್ ಕಡಿದುಕೊಳ್ಳುತ್ತೆ, ಅಗ್ಗದವು ಕಡಿದುಕೊಳ್ಳಲ್ಲ. ಕಾಯಿಲ್ ಮುಟ್ಟಲಾಗದಷ್ಟು ಕಾಯುತ್ತೆ, ಮಾಡ್ಯೂಲ್ ಸುಡುತ್ತೆ.

ಈಗ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಟಾರ್ಚ್ ಬಿಡಿ. ಬೇಸ್ ಪ್ಲೇಟಿನಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಒಂದು ಬೆರಳುದ್ದದ, ಬಟ್ಟೆ ಹೊದಿಕೆಯ ಅರ್ಥ್ ವೈರ್ ಇರುತ್ತೆ. ನೋಡಲು ಸರಿಯಾಗಿಯೇ ಕಾಣುತ್ತೆ. ಬಟ್ಟೆಯ ಒಳಗೆ ಎಳೆಗಳು ತುಂಡಾಗಿ ಒಂದೋ ಎರಡೋ ಉಳಿದಿರುತ್ತವೆ. ಚಿಮಟಿಗೆಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ, ರಬ್ಬರಿನಂತೆ ಹಿಗ್ಗಿದರೆ ಒಳಗೆ ಏನೂ ಇಲ್ಲ ಅಂತ ತಿಳಿಯಿರಿ. ಹೊಸದು ಹಾಕುವಾಗ ಗಟ್ಟಿ ವೈರ್ ಹಾಕಬೇಡಿ. ಮೆತ್ತಗೆ ಬಳುಕುವ ಬಹು ಎಳೆಯ ವೈರೇ ಬೇಕು, ಯಾಕೆಂದರೆ ಕಾರ್ಬುರೇಟರ್ ಕಡೆಯ ವ್ಯಾಕ್ಯೂಮ್ ಎಳೆತಕ್ಕೆ ಟೈಮಿಂಗ್ ಮುಂದೆ ತರಲು (ಇದೇ ವ್ಯಾಕ್ಯೂಮ್ ಅಡ್ವಾನ್ಸ್) ಈ ಪ್ಲೇಟು ಪ್ರತಿ ಸಲ ಆಕ್ಸಿಲರೇಟರ್ ತುಳಿದಾಗಲೂ ಅಲುಗುತ್ತೆ.

ಅದೇ ಕಾರಣಕ್ಕೆ ಮಾಡ್ಯೂಲಿನ ಎರಡು ವೈರಿಗೂ ಸ್ವಲ್ಪ ಸಡಿಲ ಇರಲಿ. ವ್ಯಾಕ್ಯೂಮ್ ಪೈಪನ್ನು ಕಾರ್ಬುರೇಟರ್ ಕಡೆಯಿಂದ ಬಿಚ್ಚಿ ಬಾಯಲ್ಲಿ ಎಳೆದು, ತುದಿಯನ್ನು ನಾಲಿಗೆಯಿಂದ ಮುಚ್ಚಿ. ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು. ನಿಲ್ಲದೆ ವಾಪಸ್ ಬಂದರೆ ಡಯಾಫ್ರಾಮ್ ಹರಿದಿದೆ. ಸರಿಯುವುದೇ ಇಲ್ಲ ಅಂದರೆ ಮಾಡ್ಯೂಲಿನ ವೈರ್ ಬಿಗಿಯಾಗಿ ಪ್ಲೇಟನ್ನು ಹಿಡಿದುಕೊಂಡಿರಬಹುದು. ಗೌಡರ ಗಾಡಿಯಲ್ಲಿ ವೈರನ್ನು ಅಂದವಾಗಿ ಟೈ ಹಾಕಿ ಬಿಗಿದಿದ್ದರು, ನೋಡಲು ಬಲು ಚೆಂದ. ವ್ಯಾಕ್ಯೂಮ್ ಅಡ್ವಾನ್ಸ್ ಮಾತ್ರ ಸೊನ್ನೆ.

ಪ್ಲಗ್ ವೈರುಗಳು ಹಳೇ ತಾಮ್ರದ ಎಳೆಯವಾದರೆ ತೆಗೆದು ರೆಸಿಸ್ಟನ್ಸ್ ಇರುವ ವೈರ್ ಹಾಕಿ. ತಾಮ್ರದ ವೈರಿನಿಂದ ಏಳುವ ರೇಡಿಯೋ ಗದ್ದಲ ಕೆಲವು ಮಾಡ್ಯೂಲುಗಳ ತಲೆ ಕೆಡಿಸುತ್ತೆ, ಎಂಜಿನ್ ಸುಮ್ಮಸುಮ್ಮನೆ ಮಿಸ್ಸಿಂಗ್ ಹೊಡೆಯುತ್ತೆ. ಪ್ಲಗ್ ಗ್ಯಾಪ್ 25 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಇದ್ದದ್ದನ್ನು 30 ಥೌ ತನಕ ಬಿಡಬಹುದು, ಅಂದರೆ ಸುಮಾರು 0.75 ಮಿ.ಮೀ. ಅದಕ್ಕಿಂತ ಮೇಲೆ ಹೋಗುವುದು ಬೇಡ. ಗ್ಯಾಪ್ ಹೆಚ್ಚಿದಷ್ಟೂ ಕಿಡಿ ಹಾರಲು ವೋಲ್ಟೇಜ್ ಜಾಸ್ತಿ ಬೇಕು, ಆ ವೋಲ್ಟೇಜ್ ಕ್ಯಾಪಿನ ಸಣ್ಣ ಬಿರುಕು ಸಿಕ್ಕಿದರೂ ಅಲ್ಲೇ ಸೋರಿಹೋಗುತ್ತೆ. ಜುಲೈ ತಿಂಗಳ ಒಂದು ಸಂಜೆ, ಹೊರಗೆ ಜಡಿಮಳೆ ಇರುವಾಗ, ಶೆಡ್ಡಿನ ದೀಪ ಆರಿಸಿ ಎಂಜಿನ್ ಓಡಿಸಿ ಬಾನೆಟ್ ಎತ್ತಿ ನೋಡಿ. ಸೋರುವ ಕರೆಂಟು ನೀಲಿ ಗೆರೆಯಾಗಿ ವೈರಿನ ಮೇಲೆ, ಕ್ಯಾಪಿನ ಮೇಲೆ ಹರಿದಾಡುವುದು ಬರಿಗಣ್ಣಿಗೇ ಕಾಣುತ್ತೆ.

ಟ್ಯಾಪೆಟ್

ಬೇಸರದ ಕೆಲಸ, ಆದರೆ ಬಿಟ್ಟು ಮುಂದೆ ಹೋದರೆ ಕಾರ್ಬುರೇಟರ್ ಹದಕ್ಕೆ ಬರುವುದಿಲ್ಲ. ಎಂಜಿನ್ ಬಿಸಿಯಾಗಿದ್ದಾಗ ಇನ್‌ಲೆಟ್, ಎಗ್ಸಾಸ್ಟ್ ಎರಡಕ್ಕೂ ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು, 15 ಥೌ. ಒಂಬತ್ತರ ಲೆಕ್ಕ ಹಿಡಿಯಿರಿ. ಮುಂದಿನಿಂದ ವಾಲ್ವುಗಳಿಗೆ 1ರಿಂದ 8 ಅಂತ ನಂಬರ್ ಕೊಡಿ. 8ನೇ ವಾಲ್ವ್ ಪೂರ್ತಿ ಒತ್ತಿಕೊಂಡಿರುವಾಗ 1ನೆಯದನ್ನು ಹೊಂದಿಸಿ, 6 ಒತ್ತಿರುವಾಗ 3, 4 ಒತ್ತಿರುವಾಗ 5, ಹೀಗೆ ಎರಡೂ ಕೂಡಿದರೆ 9 ಬರಬೇಕು. ಹ್ಯಾಂಡಲ್ ಹಾಕಿ ತಿರುಗಿಸುವ ಸೌಕರ್ಯ ಅಂಬಾಸಡರಿಗೆ ಇರುವುದು ಇಂಥ ಕೆಲಸಕ್ಕೆ ವರ. ಪ್ಲಗ್ ಬಿಚ್ಚಿಟ್ಟರೆ ಒಂದೇ ಕೈಯಲ್ಲಿ ತಿರುಗುತ್ತೆ.

ದೇಶದಲ್ಲಿ 2000ದಿಂದ ಸೀಸವಿಲ್ಲದ ಪೆಟ್ರೋಲೇ ಸಿಗುವುದು. ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸದ ಗಾಡಿಗಳಲ್ಲಿ ಎಗ್ಸಾಸ್ಟ್ ವಾಲ್ವ್ ಸೀಟ್ ಸವೆದು ವಾಲ್ವು ಮೇಲಕ್ಕೆ ಏರುತ್ತಾ ಟ್ಯಾಪೆಟ್ ಗ್ಯಾಪ್ ಕಮ್ಮಿಯಾಗುತ್ತೆ. ಸದ್ದು ಮಾಡದ ಟ್ಯಾಪೆಟ್ ಒಳ್ಳೇದು ಅಂತ ಖುಷಿಪಡಬೇಡಿ. ಸದ್ದು ಮಾಡುವ ಟ್ಯಾಪೆಟ್ ಕಿವಿಗೆ ಕಿರಿಕಿರಿ ಅಷ್ಟೇ, ಸದ್ದೇ ಮಾಡದ್ದು ವಾಲ್ವನ್ನು ಸುಡುತ್ತೆ.

ಟೈಮಿಂಗು

ರೇಡಿಯೇಟರ್ ಕಡೆಯದು 1ನೇ ಸಿಲಿಂಡರ್. ಅದರ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ, ಹ್ಯಾಂಡಲ್ ತಿರುಗಿಸಿ. ಗಾಳಿ ಬೆರಳನ್ನು ತಳ್ಳಲು ಶುರುವಾದರೆ ಕಂಪ್ರೆಷನ್ ಹೊಡೆತ. ಕ್ರ್ಯಾಂಕ್ ಪುಲ್ಲಿಯ ಅಂಚಿನ ಕಚ್ಚು ಟೈಮಿಂಗ್ ಕವರಿನ ಮುಳ್ಳಿನ ಎದುರಿಗೆ ಬರುವ ತನಕ ತಿರುಗಿಸಿ. ಈ ಗಾಡಿಯಲ್ಲಿ ಮೂರು ಮುಳ್ಳುಗಳಿವೆ. ಉದ್ದನೆಯದು ಟಿ.ಡಿ.ಸಿ. (ಪಿಸ್ಟನ್ ತೀರಾ ಮೇಲಕ್ಕೆ ಬಂದ ಜಾಗ), ಗಿಡ್ಡನೆಯವು ಅದಕ್ಕಿಂತ 5 ಮತ್ತು 10 ಡಿಗ್ರಿ ಮುಂಚೆ. ಈಗ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ 1ನೇ ಪ್ಲಗ್ಗಿನ ವೈರ್ ಕಡೆಗೆ ಮುಖ ಮಾಡಿರಬೇಕು. ರೋಟರ್ ತಿರುಗುವುದು ಮೇಲಿನಿಂದ ನೋಡಿದರೆ ಗಡಿಯಾರದ ಉಲ್ಟಾ ದಿಕ್ಕಿಗೆ, ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) 1-3-4-2. ವೈರುಗಳನ್ನು ಹಾಗೇ ಸಿಕ್ಕಿಸಿ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆಗುವ ಮಟ್ಟಿಗೆ ಡಿಸ್ಟ್ರಿಬ್ಯೂಟರನ್ನು ಕಿವಿಯ ಅಂದಾಜಿನಲ್ಲಿ ಇಟ್ಟರೆ ಸಾಕು, ಮುಂದಿನದು ಟೈಮಿಂಗ್ ಲೈಟಿನ (1ನೇ ಪ್ಲಗ್ಗಿನ ಕಿಡಿಯ ಜೊತೆಗೇ ಮಿನುಗುವ ದೀಪ) ಕೆಲಸ.

ಈ ಮುಳ್ಳುಗಳ ಕಷ್ಟ ಏನೆಂದರೆ ಅವು ಪುಲ್ಲಿಯ ತಳದಲ್ಲಿವೆ, ಬಗ್ಗಿ ಕೆಳಗಿನಿಂದ ನೋಡಬೇಕು. ಲೈಟ್ ಹಿಡಿದು ಕೆಳಗೆ, ಡಿಸ್ಟ್ರಿಬ್ಯೂಟರ್ ತಿರುಗಿಸಲು ಮೇಲೆ, ಒಬ್ಬನೇ ಮಾಡುವ ಕೆಲಸವೇ ಅಲ್ಲ. ನಾನು ಎಂಜಿನ್ನನ್ನು ಟಿ.ಡಿ.ಸಿ.ಯಲ್ಲಿ ನಿಲ್ಲಿಸಿ, ಟೈಮಿಂಗ್ ಕವರಿನ ಒಂದು ಬೋಲ್ಟಿಗೆ ಗಟ್ಟಿ ತಂತಿಯ ಮುಳ್ಳು ಸಿಕ್ಕಿಸಿ, ಪುಲ್ಲಿಯ ಮೇಲ್ಭಾಗದಲ್ಲಿ ಅದರ ನೇರಕ್ಕೆ ವೈಟ್ನರಿನಿಂದ ಗೆರೆ ಹಾಕಿಕೊಳ್ಳುತ್ತೇನೆ. ಅದು ನನ್ನ ಸೊನ್ನೆ. 30 ಡಿಗ್ರಿಗೆ ಇನ್ನೊಂದು ಗೆರೆ ಬೇಕು. ಪುಲ್ಲಿಯ ವ್ಯಾಸ ಅಳೆದು 3.14ರಿಂದ ಗುಣಿಸಿ 360ರಿಂದ ಭಾಗಿಸಿದರೆ ಒಂದು ಡಿಗ್ರಿ ಎಷ್ಟು ಮಿ.ಮೀ. ಅಂತ ಸಿಗುತ್ತೆ. ವ್ಯಾಸ 120 ಮಿ.ಮೀ. ಇದ್ದರೆ ಸುತ್ತಳತೆ 377, ಒಂದು ಡಿಗ್ರಿಗೆ ಒಂದು ಮಿ.ಮೀ.ಗಿಂತ ಚೂರು ಹೆಚ್ಚು, 30 ಡಿಗ್ರಿಗೆ 31.4 ಮಿ.ಮೀ. ಕಾಗದದ ಪಟ್ಟಿ ಕತ್ತರಿಸಿ ಪುಲ್ಲಿಯ ಅಂಚಿಗೆ ಸುತ್ತಿ ಗುರುತು ಹಾಕಿ. ಎದುರಿನಿಂದ ನೋಡಿದಾಗ ಪುಲ್ಲಿ ಗಡಿಯಾರದ ದಿಕ್ಕಿಗೆ ತಿರುಗುತ್ತೆ, ಹೊಸ ಗೆರೆ ಸೊನ್ನೆಯ ಗೆರೆಗಿಂತ ಮೊದಲು ಮುಳ್ಳಿನ ಬಳಿ ಬರುವಂತಿರಬೇಕು. ಉಲ್ಟಾ ಹಾಕಿದರೆ ಮುಂದಿನ ಎಲ್ಲ ಲೆಕ್ಕವೂ ಉಲ್ಟಾ.

ಎಂಜಿನ್ ಪೂರ್ತಿ ಬಿಸಿಯಾಗಲಿ. ಚೋಕ್ ಒಳಗೆ. ವ್ಯಾಕ್ಯೂಮ್ ಪೈಪ್ ಬಿಚ್ಚಿ, ಕಾರ್ಬುರೇಟರ್ ಕಡೆಯ ತೂತನ್ನು ಮುಚ್ಚಿ. ಐಡ್ಲಿಂಗ್ 700ರ ಹತ್ತಿರ ಇಳಿಸಿ. ಹೆಗಲ ಮೇಲಿನ ಟವೆಲ್ ತೆಗೆದು ದೂರ ಇಡಿ, ಫ್ಯಾನ್ ನಿಮ್ಮ ಮೊಣಕೈ ಪಕ್ಕದಲ್ಲೇ ತಿರುಗುತ್ತಿದೆ. ಟೈಮಿಂಗ್ ಲೈಟಿನಲ್ಲಿ ಅದು ನಿಂತಂತೆ ಕಾಣುತ್ತೆ, ಅದನ್ನು ನಂಬಿ ಕೈ ಹಾಕಿದವರಿದ್ದಾರೆ.

ಲೈಟಿನ ಕ್ಲಾಂಪ್ 1ನೇ ಪ್ಲಗ್ಗಿನ ವೈರಿಗೆ. ಡಿಸ್ಟ್ರಿಬ್ಯೂಟರ್ ಬಾಡಿಯನ್ನು ಗಡಿಯಾರದ ದಿಕ್ಕಿಗೆ, ಅಂದರೆ ರೋಟರಿಗೆ ಎದುರಾಗಿ ತಿರುಗಿಸಿದರೆ ಅಡ್ವಾನ್ಸ್, ಉಲ್ಟಾ ತಿರುಗಿಸಿದರೆ ರಿಟಾರ್ಡ್. ಲೂಕಸ್ ಮಾದರಿಯ ಹಳೇ ಡಿಸ್ಟ್ರಿಬ್ಯೂಟರ್ ಆದರೆ ವ್ಯಾಕ್ಯೂಮ್ ಡಬ್ಬಿಯ ಪಕ್ಕದಲ್ಲಿ ಗೀರುಗೀರಾದ ಸಣ್ಣ ನಟ್ ಇರುತ್ತೆ, ಹತ್ತಿರದಲ್ಲಿ ಎ (ಅಡ್ವಾನ್ಸ್), ಆರ್ (ರಿಟಾರ್ಡ್) ಅಕ್ಷರಗಳು. ಬೆರಳಲ್ಲಿ ತಿರುಗಿಸಿದರೆ ಕ್ಲಿಕ್ ಕ್ಲಿಕ್ ಅನ್ನುತ್ತೆ, 11 ಕ್ಲಿಕ್ಕಿಗೆ ಒಂದು ಡಿಗ್ರಿ. ಬಾಡಿಯನ್ನು ಒರಟಾಗಿ ಹೊಂದಿಸಿ ಬಿಗಿದು, ಉಳಿದ ನಯ ಇದರಲ್ಲೇ ಮಾಡಿ. ಎಷ್ಟೋ ಗಾಡಿಗಳಲ್ಲಿ ಈ ನಟ್ ತುಕ್ಕು ಹಿಡಿದು ಕೂತಿರುತ್ತೆ. ಹಿಂದಿನ ದಿನವೇ ಎಣ್ಣೆ ಬಿಟ್ಟಿಡಿ.

ನಾನು ಐಡ್ಲಿಂಗಿನಲ್ಲಿ 8 ಡಿಗ್ರಿಯಿಂದ ಶುರು ಮಾಡುತ್ತೇನೆ. ಅದು ಶುರುವಿನ ಅಂಕಿ ಮಾತ್ರ. ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಎಂಜಿನ್ನಿನ ಯೋಗಕ್ಷೇಮ ಇರುವುದು ಐಡ್ಲಿಂಗಿನಲ್ಲಿ ಅಲ್ಲ, ಮೇಲಿನ ಆರ್.ಪಿ.ಎಂ.ನಲ್ಲಿ. ವ್ಯಾಕ್ಯೂಮ್ ಪೈಪ್ ಇನ್ನೂ ಬಿಚ್ಚಿರುವಂತೆಯೇ ಒಬ್ಬರು ಆಕ್ಸಿಲರೇಟರ್ ಹಿಡಿದು ನಿಧಾನವಾಗಿ 3000ಕ್ಕೆ ಏರಿಸಲಿ. ಗೆರೆ ಜಾರುತ್ತಾ 30 ಡಿಗ್ರಿ ಕಡೆಗೆ ಹೋಗಿ ಅಲ್ಲಿ ನಿಲ್ಲಬೇಕು. ಹೋಗುವುದು ಸರಾಗವಾಗಿರಬೇಕು, ವಾಪಸ್ ಬರುವುದೂ ಹಾಗೇ. ನಡುವೆ ಹಾರಿದರೆ ಡಿಸ್ಟ್ರಿಬ್ಯೂಟರ್ ಒಳಗಿನ, ವೇಗಕ್ಕೆ ತಕ್ಕಂತೆ ಅಡ್ವಾನ್ಸ್ ಕೊಡುವ ತೂಕಗಳ ಸ್ಪ್ರಿಂಗ್ ಒಂದು ಕಡೆ ಸೋತಿದೆ. ಕದಲದೇ ನಿಂತರೆ ತೂಕಗಳು ಗ್ರೀಸ್ ಒಣಗಿ ಹಿಡಿದುಕೊಂಡಿವೆ. 35 ದಾಟಿ ಹೋದರೆ ಐಡ್ಲಿಂಗಿನ ಅಂಕಿ ಎಷ್ಟೇ ಸರಿ ಇದ್ದರೂ ಏರಲ್ಲಿ ಪಿಸ್ಟನ್ನಿಗೆ ಪೆಟ್ಟು. ಎರಡೂ ಕಡೆ ಒಟ್ಟಿಗೆ ಹೊಂದದಿದ್ದರೆ ನಾನು ಮೇಲಿನ ಅಂಕಿಯನ್ನೇ ಹಿಡಿಯುತ್ತೇನೆ, ಐಡ್ಲಿಂಗ್ ತನಗೆ ಬಂದಷ್ಟು ಬರಲಿ.

ಇಡೀ ಕಿಟ್ ಕೆಲಸದಲ್ಲಿ ನನಗೆ ಇಷ್ಟವಾಗುವ ನೋಟ ಇಲ್ಲೇ ಸಿಗುವುದು. ಪಾಯಿಂಟ್ ಇದ್ದಾಗ, ಅದರಲ್ಲೂ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಶ್ ಸವೆದ ಗಾಡಿಗಳಲ್ಲಿ, ಲೈಟಿನ ಬೆಳಕಲ್ಲಿ ಬಿಳಿ ಗೆರೆ ಎರಡು ಮೂರು ಡಿಗ್ರಿ ಅಗಲಕ್ಕೆ ನಡುಗುತ್ತಿರುತ್ತೆ. ಮಾಡ್ಯೂಲ್ ಹಾಕಿದ ಮೇಲೆ ಅದು ಒಂದೇ ಜಾಗದಲ್ಲಿ ಕಚ್ಚಿ ನಿಲ್ಲುತ್ತೆ. ಆಮೇಲೂ ನಡುಗಿದರೆ ಬುಶ್ ತೀರಾ ಹೋಗಿದೆ, ಅಥವಾ ಟೈಮಿಂಗ್ ಚೈನ್ ಜೋತಿದೆ. ಅದಕ್ಕೆ ಇಗ್ನಿಷನ್ನಿನಲ್ಲಿ ಔಷಧಿಯಿಲ್ಲ.

ಕಾರ್ಬುರೇಟರ್, ಪೆಟ್ರೋಲ್, ಮತ್ತು ನಾವಿರುವ ಎತ್ತರ

ಟೈಮಿಂಗ್ ಮುಗಿಯದೆ ಕಾರ್ಬುರೇಟರ್ ಮುಟ್ಟಬೇಡಿ. ಟೈಮಿಂಗ್ ಹೋದರೂ ಪಿಕಪ್ ಸಾಯುತ್ತೆ, ಮಿಶ್ರಣ ಹೋದರೂ ಪಿಕಪ್ ಸಾಯುತ್ತೆ. ಎರಡನ್ನೂ ಒಟ್ಟಿಗೆ ತಿರುಗಿಸಿದವರಿಗೆ ಯಾವುದು ಯಾವುದರಿಂದ ಅಂತ ಕೊನೆಗೂ ಗೊತ್ತಾಗಲ್ಲ.

ಗೌಡರ ಗಾಡಿಯಲ್ಲಿರುವುದು ಎಸ್.ಯು. ಕಂಪನಿಯ ಕಾರ್ಬುರೇಟರ್. ಅದರ ಮೇಲಿನ ಡಬ್ಬಿಗೆ 20 ನಂಬರಿನ ತೆಳು ಎಣ್ಣೆ ಹಾಕಿ. ಕೆಳಗಿನ ಜೆಟ್ ನಟ್ ಮೇಲಕ್ಕೆ ಹೋದರೆ ಮಿಶ್ರಣ ತೆಳು (ಪೆಟ್ರೋಲ್ ಕಮ್ಮಿ), ಕೆಳಕ್ಕೆ ಬಂದರೆ ದಪ್ಪ (ಪೆಟ್ರೋಲ್ ಜಾಸ್ತಿ). ನಟ್ಟಿನ ಒಂದೊಂದೇ ಮುಖ ತಿರುಗಿಸಿ, ಎಂಜಿನ್ ಸುಧಾರಿಸಿಕೊಳ್ಳಲು ಬಿಡಿ. ಪಿಸ್ಟನ್ ಎತ್ತುವ ಪಿನ್ನನ್ನು ಒಂದು ಕೂದಲೆಳೆ, ಒಂದು ಮಿ.ಮೀ.ಗಿಂತ ಕಮ್ಮಿ ಎತ್ತಿ ಸದ್ದು ಕೇಳಿ. ಆರ್.ಪಿ.ಎಂ. ಚೂರು ಏರಿ ಮತ್ತೆ ತನ್ನ ಜಾಗಕ್ಕೆ ಬಂದರೆ ಸರಿ. ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ತಕ್ಷಣ ಕುಸಿದು ನಿಲ್ಲಲು ನೋಡಿದರೆ ಕಮ್ಮಿ. ಸೋಲೆಕ್ಸ್ ಕಾರ್ಬುರೇಟರ್ ಇರುವವರು ಮಿಕ್ಸ್ಚರ್ ಸ್ಕ್ರೂವನ್ನು ಐಡ್ಲಿಂಗ್ ಅತಿ ಹೆಚ್ಚು ಬರುವಲ್ಲಿಗೆ ತಂದು, ಐಡ್ಲಿಂಗ್ ಇಳಿಸಿ, ಮತ್ತೊಮ್ಮೆ ಅದನ್ನೇ ಮಾಡಿ.

ನಮ್ಮೂರಿನವರು ಇಲ್ಲಿ ಒಂದು ವಿಷಯ ಗಮನದಲ್ಲಿಡಬೇಕು. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಮೇಲಿದೆ. ಇಲ್ಲಿ ಗಾಳಿ ಕೆಳಗಿನದಕ್ಕಿಂತ ಸುಮಾರು ಹತ್ತನೇ ಒಂದರಷ್ಟು ತೆಳು. ಹಳೇ ಕಾರ್ಬುರೇಟರಿಗೆ ಇದು ಗೊತ್ತಾಗಲ್ಲ, ಹಾಗಾಗಿ ಇಲ್ಲಿ ಮಿಶ್ರಣ ಲೆಕ್ಕಕ್ಕಿಂತ ಶೇಕಡಾ 5ರಷ್ಟು ದಪ್ಪವಾಗಿರುತ್ತೆ. ಇನ್ನೊಂದು ಕಡೆ ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದು ಮಿಶ್ರಣವನ್ನು ಶೇಕಡಾ 7-8ರಷ್ಟು ತೆಳು ಮಾಡುತ್ತೆ. ಊರಿನಲ್ಲಿ ಓಡಾಡುವಾಗ ಇವೆರಡೂ ಒಂದಕ್ಕೊಂದು ಹೆಚ್ಚುಕಮ್ಮಿ ಸರಿದೂಗಿಸಿಕೊಂಡು ಎಂಜಿನ್ ಸುಮ್ಮನಿರುತ್ತೆ. ಅದೇ ಗಾಡಿಯಲ್ಲಿ ಚಾರ್ಮಾಡಿ ಇಳಿದು ಉಜಿರೆ ಕಡೆ ಹೋಗಿ. ಎತ್ತರ ಕೊಡುತ್ತಿದ್ದ ದಪ್ಪ ಹೋಯಿತು, ಎಥನಾಲಿನ ತೆಳುವು ಉಳಿಯಿತು. ಎಂಜಿನ್ ಕಾಯುತ್ತೆ, ಆಕ್ಸಿಲರೇಟರ್ ತುಳಿದರೆ ಒಂದು ಕ್ಷಣ ತಡವರಿಸುತ್ತೆ. ಹಾಗಾಗಿ ಮಂಗಳೂರು ಕಡೆ ಓಡಾಟ ಇರುವ ಗಾಡಿಗೆ ನಾನು ಎಸ್.ಯು. ನಟ್ಟನ್ನು ಪಿನ್ ತೋರಿಸಿದ ಜಾಗದಿಂದ ಇನ್ನೊಂದು ಮುಖ ಕೆಳಕ್ಕೆ ಬಿಡುತ್ತೇನೆ. ಇಲ್ಲಿ ಮೈಲೇಜ್ ಚೂರು ಕಮ್ಮಿಯಾದರೂ ಪರವಾಗಿಲ್ಲ.

ಟೈಮಿಂಗಿಗೂ ಇದೇ ಮಾತು. ಮೇಲೆ ಸಿಲಿಂಡರಿಗೆ ಕಮ್ಮಿ ಗಾಳಿ ಹೋಗುವುದರಿಂದ ಒತ್ತಡ ಕಮ್ಮಿ, ನಾಕಿಂಗ್ (ಗೌಡರು ಹೇಳಿದ ಆ ಕಟಕಟ) ಸುಲಭವಾಗಿ ಬರಲ್ಲ. ಅದನ್ನು ನೋಡಿ ಇನ್ನೆರಡು ಡಿಗ್ರಿ ಕೊಡೋಣ ಅನ್ನಿಸುತ್ತೆ, ಪಿಕಪ್ಪೂ ಚೆನ್ನಾಗಿ ಬರುತ್ತೆ. ಏಪ್ರಿಲ್ ಬಿಸಿಲಲ್ಲಿ ಐದು ಜನ ಕೂತು ಧರ್ಮಸ್ಥಳಕ್ಕೆ ಹೋದಾಗ ಆ ಎರಡು ಡಿಗ್ರಿ ಬಡ್ಡಿ ಸಮೇತ ವಸೂಲಾಗುತ್ತೆ. ಹೆಡ್ಡಿನಲ್ಲಿ ಕಾರ್ಬನ್ ಕಟ್ಟಿದ್ದರಂತೂ ಕೇಳುವುದೇ ಬೇಡ.

ಹಳೇ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಇದೇ ಕೈಯಲ್ಲಿ ಬದಲಿಸಿ, ಎಥನಾಲಿಗೆ ಅವು ಮೆತ್ತಗಾಗಿ ಒಡೆಯುತ್ತವೆ. ಮಳೆಗಾಲವಿಡೀ ಗಾಡಿ ನಿಲ್ಲಿಸುವವರು ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಬೇಡಿ. ಅದು ನಮ್ಮ ಕಡೆಯ ತೇವವನ್ನು ಹೀರಿಕೊಂಡು, ನೀರು ಎಥನಾಲ್ ಸೇರಿ ತಳಕ್ಕೆ ಇಳಿಯುತ್ತೆ.

ಏರಿನಲ್ಲಿ ಪರೀಕ್ಷೆ

ವ್ಯಾಕ್ಯೂಮ್ ಪೈಪ್ ಮರಳಿ ಹಾಕಿ, ಎಲ್ಲ ಬಿಗಿದು, ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆಯ ಏರಿಗೆ ಹೋಗಿ. ಶನಿವಾರ ಭಾನುವಾರ ಬೇಡ, ಪ್ರವಾಸಿಗರ ಸಾಲಿನಲ್ಲಿ ಸಿಕ್ಕಿ ಕ್ಲಚ್ ಸುಡುವುದಷ್ಟೇ ಆಗುತ್ತೆ. ವಾರದ ದಿನ ಬೆಳಿಗ್ಗೆ, ಎಂಜಿನ್ ಬಿಸಿಯಾದ ಮೇಲೆ, ಗಾಜು ಇಳಿಸಿ, ಮೂರನೇ ಗೇರಿನಲ್ಲಿ ಸ್ವಲ್ಪ ಕಮ್ಮಿ ವೇಗದಿಂದ ಆಕ್ಸಿಲರೇಟರನ್ನು ಮುಕ್ಕಾಲು ಒತ್ತಿ. ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂಥ ಸದ್ದು ಬಂದರೆ ನಾಕಿಂಗ್. ಒಂದು ಡಿಗ್ರಿ ಹಿಂದಕ್ಕೆ, ಅಂದರೆ ಆ ಸಣ್ಣ ನಟ್ಟನ್ನು ಆರ್ ಕಡೆಗೆ 11 ಕ್ಲಿಕ್. ಮತ್ತೆ ಅದೇ ಏರು, ಅದೇ ಗೇರು. ಸದ್ದು ಪೂರ್ತಿ ಹೋದ ಮೇಲೆ ಕರಾವಳಿಯ ಲೆಕ್ಕಕ್ಕೆ ಇನ್ನೊಂದೆರಡು ಡಿಗ್ರಿ ಹಿಂದಕ್ಕೆ ಇಟ್ಟು ನಿಲ್ಲಿಸಿ. ಸದ್ದೇ ಬಾರದೆ ಎಂಜಿನ್ ಸೋಮಾರಿಯಾಗಿ ಎಳೆದರೆ ಎ ಕಡೆಗೆ ಒಂದೊಂದೇ ಡಿಗ್ರಿ. ಗೌಡರ ಗಾಡಿ ಐಡ್ಲಿಂಗಿನಲ್ಲಿ 7, ಮೇಲೆ 29ರಲ್ಲಿ ನಿಂತಿತು. ನಿಮ್ಮದು ಬೇರೆ ಕಡೆ ನಿಂತರೆ ಗಾಬರಿ ಬೇಡ.

ಏರು ಹತ್ತಿದ ಕೂಡಲೇ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ತೆಳು ಕಾಫಿ ಬಣ್ಣ ಸರಿ, ಈಗಿನ ಪೆಟ್ರೋಲಿಗೆ ಇನ್ನೂ ಸ್ವಲ್ಪ ಬಿಳಿಚಿಕೊಂಡರೂ ನಡೆಯುತ್ತೆ. ಸುಣ್ಣದ ಬಿಳುಪು, ತುದಿಯಲ್ಲಿ ಸಣ್ಣ ಗುಳ್ಳೆಗಳು ಕಂಡರೆ ಮಿಶ್ರಣ ತೆಳು ಅಥವಾ ಟೈಮಿಂಗ್ ಅತಿ. ಕಪ್ಪು ಮಸಿ ಒಣಗಿದ್ದರೆ ಪೆಟ್ರೋಲ್ ಜಾಸ್ತಿ, ಒದ್ದೆಯಾಗಿ ಹೊಳೆದರೆ ಎಂಜಿನ್ ಆಯಿಲ್.

ದಾರಿಯಲ್ಲಿ ನಿಂತರೆ

ಕಿಟ್ ಹಾಕಿಸಿದವರು ಗಾಡಿ ನಿಂತ ಕೂಡಲೇ ಕಿಟ್ಟನ್ನೇ ಬೈಯುತ್ತಾರೆ. ನಿಂತ ರೀತಿ ನೋಡಿ. ಓಡುತ್ತಿದ್ದದ್ದು ಕೀ ತೆಗೆದ ಹಾಗೆ ತಟ್ಟನೆ ಸತ್ತರೆ ಇಗ್ನಿಷನ್. ಕೆಮ್ಮಿ, ಎಳೆದಾಡಿ, ಒಂದು ಕಿಲೋಮೀಟರ್ ಸತಾಯಿಸಿ ನಿಂತರೆ ಪೆಟ್ರೋಲ್. ಏರಿನ ಬಿಸಿಗೆ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಏರ್ ಲಾಕ್ ಆಗುವುದು ಎಥನಾಲ್ ಬಂದ ಮೇಲೆ ಹೆಚ್ಚಾಗಿದೆ ಅಂತ ನನ್ನ ಅನಿಸಿಕೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಲು ಗಂಟೆ ಕಾದರೆ ಹೊರಡುತ್ತೆ. ತಣ್ಣಗಾದ ಮೇಲೆ ಹೊರಟಿತು ಅಂದ ಮಾತ್ರಕ್ಕೆ ಪೆಟ್ರೋಲೇ ಅಂತಲೂ ಅಲ್ಲ, ಕಾಯಿಲ್ ಕಾದರೂ ಹಾಗೇ ಆಗುತ್ತೆ. ನಿಂತ ಕ್ಷಣದಲ್ಲೇ ಒಂದು ಪ್ಲಗ್ ಬಿಚ್ಚಿ ವೈರಿಗೆ ಸಿಕ್ಕಿಸಿ, ಅದರ ಬಾಡಿಯನ್ನು ಎಂಜಿನ್ನಿಗೆ ತಾಗಿಸಿ ಸೆಲ್ಫ್ ಹೊಡೆಸಿ ನೋಡಿ. ಬಿಚ್ಚಿದ ತೂತಿನಿಂದ ಪ್ಲಗ್ಗನ್ನು ದೂರ ಇಡಿ. ಕಿಡಿ ಇದ್ದರೆ ಪೆಟ್ರೋಲ್ ಕಡೆ ಹೋಗಿ.

ಮಾಡ್ಯೂಲ್ ಸತ್ತರೆ ರಿಪೇರಿ ಇಲ್ಲ. ಪಾಯಿಂಟ್ ಆದರೆ ಕೊಟ್ಟಿಗೆಹಾರದ ಯಾವ ಗ್ಯಾರೇಜಿನಲ್ಲೂ ಉಜ್ಜಿ ಕೊಡುತ್ತಾರೆ. ಅದಕ್ಕೇ ಬಿಚ್ಚಿದ ಪಾಯಿಂಟ್ ಸೆಟ್, ಕಂಡೆನ್ಸರ್, ಅವುಗಳ ಸ್ಕ್ರೂ, ಒಂದು ಹಳೇ ಫಿಲ್ಲರ್ ಗೇಜ್ ಇಷ್ಟನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಡಿ. ಕಿಟ್ ಹಾಕುವ ಮುಂಚೆಯೇ ಪಾಯಿಂಟಿಗೆ 15 ಥೌ ಗ್ಯಾಪ್ ಕೊಟ್ಟು ಟೈಮಿಂಗ್ ಹೊಂದಿಸಿ, ಡಿಸ್ಟ್ರಿಬ್ಯೂಟರ್ ಬಾಡಿಯಿಂದ ಎಂಜಿನ್ ಬ್ಲಾಕಿಗೆ ಸೇರುವಂತೆ ಬಿಳಿ ಬಣ್ಣದ ಗೆರೆ ಎಳೆದುಕೊಳ್ಳಿ. ಕಿಟ್ಟಿನ ಟೈಮಿಂಗ್ ಮುಗಿದ ಮೇಲೆ ಕೆಂಪು ಬಣ್ಣದಲ್ಲಿ ಇನ್ನೊಂದು ಗೆರೆ. ದಾರಿಯಲ್ಲಿ ಪಾಯಿಂಟಿಗೆ ವಾಪಸ್ ಹೋಗಬೇಕಾದರೆ ಬಾಡಿಯನ್ನು ಬಿಳಿ ಗೆರೆಗೆ ತಿರುಗಿಸಿ ಬಿಗಿದರೆ ಮನೆ ತನಕ ಓಡುತ್ತೆ. ಯಾವ ಬಣ್ಣ ಯಾವುದಕ್ಕೆ ಅಂತ ಬಾನೆಟ್ಟಿನ ಒಳಗೆ ಬರೆದಿಡಿ, ಗಾಡಿ ಓಡಿಸುವುದು ಯಾವಾಗಲೂ ನೀವೇ ಆಗಿರಲ್ಲ.